ಹಲವರ ಪರವಾಗಿ ಒಂದು ವಕಾಲತ್ತು

ಶ್ಯಾಮಲಾ ರಾಜೇಂದರ್ ಭಾರತದಿಂದ ಅಮೆರಿಕಕ್ಕೆ ಹೋದ ರಸಾಯನಶಾಸ್ತ್ರಜ್ಞೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಅವರಿಗೆ ಕೆಲಸವೇನೋ ಇತ್ತು, ಕಾಯಂ ಆಗುವ ದಾರಿ ಇರಲಿಲ್ಲ. ತಾತ್ಕಾಲಿಕವಾಗಿ ಪಾಠ ಮಾಡಿಸಿಕೊಂಡು, ಕಾಯಂ ಸಾಲಿನ ಹುದ್ದೆಯ ಮಾತು ಬಂದಾಗ ಅವರನ್ನು ಬದಿಗಿಟ್ಟರು. ತಾನು ಹೆಣ್ಣು, ಪರದೇಶದವಳು ಎಂಬುದೇ ಇದಕ್ಕೆ ಕಾರಣ ಎಂದು 1973ರಲ್ಲಿ ಅವರು ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಒಂದು ಕಡೆ ಒಬ್ಬ ಅಧ್ಯಾಪಕಿ, ಇನ್ನೊಂದು ಕಡೆ ಒಂದು ರಾಜ್ಯದ ಇಡೀ ವಿಶ್ವವಿದ್ಯಾಲಯ.

ಐದು ವರ್ಷ ಕಳೆದ ಮೇಲೆ, 1978ರಲ್ಲಿ, ಆ ಮೊಕದ್ದಮೆಯ ಸ್ವರೂಪವೇ ಬದಲಾಯಿತು. ಇದು ರಾಜೇಂದರ್ ಒಬ್ಬರ ದಾವೆಯಲ್ಲ, ವಿಶ್ವವಿದ್ಯಾಲಯದಲ್ಲಿ ಬೋಧನೆ ಸಂಶೋಧನೆಯ ಕೆಲಸದಲ್ಲಿರುವ ಎಲ್ಲ ಹೆಂಗಸರ ದಾವೆ ಎಂದು ನ್ಯಾಯಾಲಯ ಒಪ್ಪಿತು. 1980ರಲ್ಲಿ ವಾರಗಟ್ಟಲೆ ವಿಚಾರಣೆ ನಡೆದ ಮೇಲೆ ವಿಶ್ವವಿದ್ಯಾಲಯ ರಾಜಿಗೆ ಬಂತು. ನ್ಯಾಯಾಧೀಶ ಮೈಲ್ಸ್ ಲಾರ್ಡ್ ಅದಕ್ಕೆ ಡಿಕ್ರಿಯ ಮುದ್ರೆ ಒತ್ತಿದರು. ರಾಜೇಂದರ್ ಅವರಿಗೆ 1 ಲಕ್ಷ ಡಾಲರ್ ಸಿಕ್ಕಿತು. ಅದಕ್ಕಿಂತ ದೊಡ್ಡದು ಉಳಿದವರಿಗೆ ಸಿಕ್ಕಿದ್ದು. ನೇಮಕಾತಿಯ ರೀತಿ ಬದಲಾಯಿತು. ಅನ್ಯಾಯವಾಗಿದೆ ಎನ್ನುವ ಹೆಂಗಸರ ಅಹವಾಲು ಕೇಳಲು ವಿಶೇಷ ಅಧಿಕಾರಿಗಳು ನೇಮಕವಾದರು, ಅವರ ಮುಂದೆ ನೂರಾರು ಅರ್ಜಿಗಳು ಬಂದವು. ಆ ರಾಜಿ ಡಿಕ್ರಿಯನ್ನು ಇಂದಿಗೂ ಅಲ್ಲಿ ರಾಜೇಂದರ್ ಹೆಸರಿನಿಂದಲೇ ಕರೆಯುತ್ತಾರೆ. ಮುಂದೆ ಅವರೇ ಕಾನೂನು ಓದಿ ಕ್ಯಾಲಿಫೋರ್ನಿಯಾದಲ್ಲಿ ವಕೀಲೆಯಾದರು.

ಆ ಮೊಕದ್ದಮೆಯನ್ನು ದಡ ಮುಟ್ಟಿಸಿದ ವಕೀಲರ ಹೆಸರು ಪಾಲ್ ಸ್ಪ್ರೆಂಗರ್. ಮಿನ್ನಿಯಾಪೊಲಿಸ್ ನಗರದವರು. ಅವರಿಗೂ ಅವರ ತಂಡಕ್ಕೂ 1982ರಲ್ಲಿ ನ್ಯಾಯಾಲಯ ಕೊಡಿಸಿದ ಫೀಸು ಹತ್ತಿರಹತ್ತಿರ 15 ಲಕ್ಷ ಡಾಲರ್, ಅದೂ ವಿಶ್ವವಿದ್ಯಾಲಯದ ಬೊಕ್ಕಸದಿಂದ. ಕಕ್ಷಿದಾರಳಿಗೆ ಸಿಕ್ಕಿದ್ದರ ಹದಿನೈದು ಪಟ್ಟು ವಕೀಲರಿಗೆ ಎಂದು ಕೇಳಿದವರು ಹುಬ್ಬೇರಿಸಿದರೆ ಅಚ್ಚರಿಯಿಲ್ಲ. ಆದರೆ ಆ ಹಣದ ಹಿಂದೆ ವರ್ಷಗಳ ದುಡಿಮೆಯಿತ್ತು. ಸೋತಿದ್ದರೆ ಅದಕ್ಕೆ ಬಿಡಿಗಾಸೂ ಬರುತ್ತಿರಲಿಲ್ಲ. ಹಲವರ ಪರವಾಗಿ ಒಬ್ಬ ವಕೀಲ ನಿಲ್ಲಬೇಕಾದರೆ ಅವನಿಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಕ್ಲಾಸ್ ಆ್ಯಕ್ಷನ್ ವಕೀಲಿಕೆ ಎಂಬ ವೃತ್ತಿ ಒಂದು ದೇಶದಲ್ಲಿ ಬೆಳೆದು ಇನ್ನೊಂದರಲ್ಲಿ ಮೊಳಕೆಯಲ್ಲೇ ನಿಂತದ್ದಕ್ಕೆ ಉತ್ತರ ಬಹುಮಟ್ಟಿಗೆ ಅಲ್ಲಿದೆ. ಈ ಉಪನ್ಯಾಸ ಆ ಪ್ರಶ್ನೆಯ ಸುತ್ತಲೇ ನಡೆಯುತ್ತದೆ.

ಕ್ಲಾಸ್ ಆ್ಯಕ್ಷನ್ ಎಂದರೆ ಏನು? ಬ್ಯಾಂಕೊಂದು ಹತ್ತು ಲಕ್ಷ ಖಾತೆಗಳಿಂದ ತಲಾ 90 ರೂಪಾಯಿ ಅನ್ಯಾಯವಾಗಿ ಮುರಿದುಕೊಂಡಿತು ಎಂದುಕೊಳ್ಳಿ. 90 ರೂಪಾಯಿಗೆ ಯಾರೂ ವಕೀಲರನ್ನು ಹುಡುಕುವುದಿಲ್ಲ, ಕೋರ್ಟಿಗೆ ಹೋಗಿಬರುವ ಬಸ್ಸಿನ ಖರ್ಚೇ ಅದಕ್ಕಿಂತ ಹೆಚ್ಚು. ಬ್ಯಾಂಕಿಗೆ ಮಾತ್ರ ಅದು ಒಂಬತ್ತು ಕೋಟಿ. ಹನಿ ಕೂಡಿ ಹಳ್ಳವಾಗಿರುವುದು ಮಾಡಿದವನ ಮನೆಯಲ್ಲಿ, ಕಳೆದುಕೊಂಡವರ ಮನೆಯಲ್ಲಿ ಅದು ಇನ್ನೂ ಹನಿಯೇ. ಆ ಹನಿಗಳನ್ನೆಲ್ಲ ಒಂದೇ ದಾವೆಯಲ್ಲಿ ಕೂಡಿಸಿ, ಒಬ್ಬಿಬ್ಬರ ಹೆಸರಿನಲ್ಲಿ ಎಲ್ಲರ ಪರವಾಗಿ ನಡೆಸುವುದು ಕ್ಲಾಸ್ ಆ್ಯಕ್ಷನ್. ಅಮೆರಿಕದ ಫೆಡರಲ್ ಸಿವಿಲ್ ಸಂಹಿತೆಯ 23ನೇ ನಿಯಮ 1966ರಲ್ಲಿ ತಿದ್ದುಪಡಿಯಾದ ಮೇಲೆ ಇದಕ್ಕೆ ಇಂದಿನ ರೂಪ ಬಂತು. ಜನ ಬಹಳವಿರಬೇಕು, ಎಲ್ಲರಿಗೂ ಸಮಾನವಾದ ಪ್ರಶ್ನೆಯೊಂದಿರಬೇಕು, ಮುಂದೆ ನಿಂತವರ ಕಥೆ ಉಳಿದವರ ಕಥೆಯನ್ನು ಹೋಲಬೇಕು, ಮುಂದೆ ನಿಂತವರೂ ಅವರ ವಕೀಲರೂ ಉಳಿದವರ ಹಿತ ಕಾಯಲು ಯೋಗ್ಯರಾಗಿರಬೇಕು. ಇದಿಷ್ಟನ್ನೂ ನ್ಯಾಯಾಧೀಶರಿಗೆ ಒಪ್ಪಿಸಿ ಪ್ರಮಾಣೀಕರಣದ ಆದೇಶ ಪಡೆಯುವವರೆಗೆ ಅದು ಕ್ಲಾಸ್ ಆ್ಯಕ್ಷನ್ ಆಗುವುದೇ ಇಲ್ಲ. ಬಹಳಷ್ಟು ಮೊಕದ್ದಮೆಗಳ ಸೋಲುಗೆಲುವು ಈ ಹಂತದಲ್ಲೇ ತೀರ್ಮಾನವಾಗುತ್ತದೆ. ಆದೇಶ ಸಿಕ್ಕಿದರೆ ಕಂಪನಿ ರಾಜಿಗೆ ಕೂರುತ್ತದೆ, ಸಿಗದಿದ್ದರೆ ವಾದಿಯ ಕೈಯಲ್ಲಿ ಮತ್ತೆ ತನ್ನ 90 ರೂಪಾಯಿ ಮಾತ್ರ ಉಳಿಯುತ್ತದೆ.

ಮಿನ್ನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಕಬ್ಬಿಣದ ಅದಿರಿನ ಸೀಮೆ. ಅಲ್ಲಿಯ ಎವೆಲೆತ್ ಗಣಿಯಲ್ಲಿ ನಡೆದದ್ದು ಸ್ಪ್ರೆಂಗರ್ ವೃತ್ತಿಜೀವನದ ದೊಡ್ಡ ಮೊಕದ್ದಮೆ. 1974ರಲ್ಲಿ ಅಮೆರಿಕದ ಒಂಬತ್ತು ಉಕ್ಕಿನ ಕಂಪನಿಗಳು ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಿಂದಾಗಿ ಗಣಿಗಳು ಹೆಂಗಸರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬೇಕಾಯಿತು. ಅದರ ಮರುವರ್ಷ ಮಾರ್ಚಿನಲ್ಲಿ ಲೋಯಿಸ್ ಜೆನ್ಸನ್ ಎಂಬ ಒಂಟಿ ತಾಯಿ ಎವೆಲೆತ್‌ನಲ್ಲಿ ಕೆಲಸಕ್ಕೆ ಸೇರಿದರು. ಆ ಸೀಮೆಯಲ್ಲಿ ಹೆಂಗಸರಿಗೆ ಸಿಗುತ್ತಿದ್ದ ಬೇರೆ ಯಾವ ಕೆಲಸದಲ್ಲೂ ಗಣಿಯಷ್ಟು ಕೂಲಿ ಇರಲಿಲ್ಲ. ಬಹುಪಾಲು ಗಂಡಸರೇ ಇದ್ದ ಆ ಗಣಿಯಲ್ಲಿ ಬೆರಳೆಣಿಕೆಯ ಹೆಂಗಸರು. ಗೋಡೆಗಳ ಮೇಲೆ ಅಶ್ಲೀಲ ಬರಹ, ಚಿತ್ರ. ಮೈಮುಟ್ಟುವುದು, ಹಿಂಬಾಲಿಸುವುದು, ಬೆದರಿಕೆ. ದೂರು ಹೇಳಿಕೊಂಡರೆ ಕೇಳುವವರಿರಲಿಲ್ಲ.

ಒಂಬತ್ತು ವರ್ಷ ಸಹಿಸಿಕೊಂಡ ಜೆನ್ಸನ್ 1984ರ ಅಕ್ಟೋಬರಿನಲ್ಲಿ ರಾಜ್ಯದ ಮಾನವ ಹಕ್ಕುಗಳ ಇಲಾಖೆಗೆ ದೂರು ಕೊಟ್ಟರು. ವಾರದೊಳಗೆ ಅವರ ಕಾರಿನ ಟಯರುಗಳನ್ನು ಯಾರೋ ಕೊಯ್ದಿದ್ದರು. ಇಲಾಖೆ ವಿಚಾರಣೆ ಮಾಡಿ, 1987ರಲ್ಲಿ, ಮಾನಸಿಕ ಹಿಂಸೆಗೂ ದಂಡವಾಗಿಯೂ ಒಟ್ಟು 11 ಸಾವಿರ ಡಾಲರ್ ಕೊಡಿ ಎಂದು ಕಂಪನಿಗೆ ಹೇಳಿತು. ಕಂಪನಿ ಒಪ್ಪಲಿಲ್ಲ. ಅಂದು 11 ಸಾವಿರ ಕೊಟ್ಟು ಕ್ಷಮೆ ಕೇಳಿದ್ದರೆ ಮುಗಿದುಹೋಗುತ್ತಿದ್ದ ತಕರಾರು ಅದು. ವಾಣಿಜ್ಯ ಮೊಕದ್ದಮೆ ನಡೆಸುವ ಯಾವ ವಕೀಲರನ್ನು ಕೇಳಿದರೂ ಇಂಥ ಒಂದಾದರೂ ಕಡತದ ನೆನಪು ಅವರಲ್ಲಿರುತ್ತದೆ: ಚಿಕ್ಕ ಮೊತ್ತಕ್ಕೆ ಹಟ ಹಿಡಿದು ದೊಡ್ಡ ಮೊತ್ತಕ್ಕೆ ಸಹಿ ಹಾಕಿದ ಕಂಪನಿಯದು.

ಜೆನ್ಸನ್ ಸ್ಪ್ರೆಂಗರ್ ಅವರ ಬಳಿಗೆ ಬಂದರು. 1988ರ ಆಗಸ್ಟ್ 15ರಂದು ದಾವೆ ದಾಖಲಾಯಿತು. ಲೈಂಗಿಕ ಕಿರುಕುಳವನ್ನು ಕ್ಲಾಸ್ ಆ್ಯಕ್ಷನ್ ಆಗಿ ಅಮೆರಿಕದ ಯಾವ ನ್ಯಾಯಾಲಯವೂ ಅಲ್ಲಿಯವರೆಗೆ ಒಪ್ಪಿರಲಿಲ್ಲ. ಆಕ್ಷೇಪಣೆಯಲ್ಲಿ ತೂಕವೂ ಇತ್ತು. ಒಬ್ಬಳಿಗೆ ಮಾತಿನ ಕಾಟ, ಇನ್ನೊಬ್ಬಳಿಗೆ ಕೈಯ ಕಾಟ, ಮತ್ತೊಬ್ಬಳಿಗೆ ಗೋಡೆಬರಹ. ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ತಿರುಗಿ ಬೈಯುತ್ತಾಳೆ. ಇವೆಲ್ಲ ಒಂದೇ ಅನ್ಯಾಯ ಹೇಗಾದೀತು? ಸ್ಪ್ರೆಂಗರ್ ತಂಡದ ಉತ್ತರ ಸರಳವಾಗಿತ್ತು. ಪ್ರತಿಯೊಬ್ಬಳಿಗೆ ಏನಾಯಿತೆಂಬುದು ಬೇರೆ ಬೇರೆ ಇರಬಹುದು, ಆದರೆ ಅವರೆಲ್ಲ ಕೆಲಸ ಮಾಡಿದ ಜಾಗ ಒಂದೇ, ಅದರ ವಾತಾವರಣ ಒಂದೇ, ಅದನ್ನು ಕಂಡೂ ಕಾಣದಂತೆ ಬಿಟ್ಟ ಆಡಳಿತವೂ ಒಂದೇ. 1991ರ ಡಿಸೆಂಬರ್ 16ರಂದು ನ್ಯಾಯಾಧೀಶ ಜೇಮ್ಸ್ ರೋಸನ್‌ಬಾಮ್ ಈ ವಾದವನ್ನು ಎತ್ತಿಹಿಡಿದರು.

ಈ ವೃತ್ತಿಯ ಕಸುಬುಗಾರಿಕೆ ಇರುವುದು ಇಲ್ಲಿ. ಸಿನಿಮಾಗಳಲ್ಲಿ ಕಾಣುವ ವಕೀಲ ಪಾಟೀಸವಾಲಿನಲ್ಲಿ ಮಿಂಚುತ್ತಾನೆ. ಕ್ಲಾಸ್ ಆ್ಯಕ್ಷನ್ ವಕೀಲ ಗೆಲ್ಲುವುದು ಅದಕ್ಕೆ ಬಹಳ ಮೊದಲು, ಚದುರಿದ ನೂರು ಕಥೆಗಳ ನಡುವೆ ಹಾದುಹೋಗುವ ದಾರವನ್ನು ಹುಡುಕಿದಾಗ. ದಾರ ತೀರ ಸಡಿಲವಾದರೆ ನ್ಯಾಯಾಲಯ ಕಿತ್ತುಹಾಕುತ್ತದೆ. 2011ರಲ್ಲಿ ವಾಲ್‌ಮಾರ್ಟ್ ಮೇಲಿನ ದಾವೆಯಲ್ಲಿ ಆದದ್ದು ಹಾಗೆಯೇ. ಸುಮಾರು 15 ಲಕ್ಷ ಹೆಂಗಸರ ಪರವಾಗಿ ಬಂದ ಆ ದಾವೆಯಲ್ಲಿ ಎಲ್ಲರಿಗೂ ಸಮಾನವಾದ ಪ್ರಶ್ನೆ ಯಾವುದೆಂದು ತೋರಿಸಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಗುಂಪನ್ನೇ ಒಡೆಯಿತು. ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಗಣಿಯೊಂದರ ಗೋಡೆಯೊಳಗೆ ಕಾಣುವ ದಾರ ಸಾವಿರಾರು ಅಂಗಡಿಗಳಿಗೆ ಹರಡಿದಾಗ ಐವರ ಕಣ್ಣಿಗೆ ಕಾಣಲಿಲ್ಲ.

ಎವೆಲೆತ್‌ನ ಹೆಂಗಸರಿಗೆ ಗುಂಪೆಂಬ ಮಾನ್ಯತೆ ಸಿಕ್ಕಿದ ಮೇಲೂ ಏಳು ವರ್ಷ ಹಿಡಿಯಿತು. ಜೆನ್ಸನ್ ಮನಸ್ಸು ಮುರಿದು 1992ರ ಜನವರಿಯಲ್ಲಿ ಗಣಿ ಬಿಟ್ಟರು. 1993ರಲ್ಲಿ ನ್ಯಾಯಾಧೀಶ ರಿಚರ್ಡ್ ಕೈಲ್ ಕಂಪನಿಯ ಹೊಣೆಯನ್ನು ಸ್ಥಿರಪಡಿಸಿದರು. ಪರಿಹಾರ ಎಷ್ಟೆಂದು ನಿಗದಿ ಮಾಡುವ ಕೆಲಸ ಪ್ಯಾಟ್ರಿಕ್ ಮೆಕ್‌ನಲ್ಟಿ ಎಂಬ ವಿಶೇಷ ಅಧಿಕಾರಿಯ ಪಾಲಿಗೆ ಹೋಯಿತು. ಆಮೇಲೆ ನಡೆದದ್ದನ್ನು ಓದಲು ಇಂದಿಗೂ ಸಂಕಟವಾಗುತ್ತದೆ. ಮನಸ್ಸಿಗೆ ನೋವಾಯಿತು ಎಂದು ಪರಿಹಾರ ಕೇಳಿದ ಮೇಲೆ ಆ ನೋವಿಗೆ ಬೇರೆ ಕಾರಣಗಳಿವೆಯೇ ಎಂದು ನೋಡಬೇಕಲ್ಲ ಎಂದು ಕಂಪನಿಯ ವಕೀಲರು ಒಬ್ಬೊಬ್ಬಳ ಇಡೀ ಬದುಕಿನ ವೈದ್ಯಕೀಯ ದಾಖಲೆ ತರಿಸಿಕೊಂಡರು. ಬಾಲ್ಯ, ಮದುವೆ, ಗರ್ಭ, ಕಾಯಿಲೆ, ಮನೆಯೊಳಗಿನ ಹಿಂಸೆ, ಯಾವುದನ್ನೂ ಬಿಡಲಿಲ್ಲ. ಗೋಡೆಯ ಮೇಲೆ ಏನು ಬರೆದಿತ್ತು ಎಂದು ಹೇಳಲು ಬಂದ ಹೆಂಗಸು ತನ್ನ ಹೆತ್ತವರ ಬಗ್ಗೆ, ಗಂಡನ ಬಗ್ಗೆ ಉತ್ತರ ಕೊಡುತ್ತ ಕೂರಬೇಕಾಯಿತು. 1996ರಲ್ಲಿ ಬಂದ ನಾನೂರಕ್ಕೂ ಹೆಚ್ಚು ಪುಟಗಳ ವರದಿಯಲ್ಲಿ ಆ ಖಾಸಗಿ ಸಂಗತಿಗಳು ಅಚ್ಚಾದವು. ಹೆಂಗಸರಿಗೆ ಸಿಕ್ಕಿದ್ದು ಸರಾಸರಿ 10 ಸಾವಿರ ಡಾಲರ್.

ಆ ವರ್ಷಗಳಲ್ಲಿ ಸ್ಪ್ರೆಂಗರ್ ಸಂಸ್ಥೆಯ ಜೀನ್ ಬೋಲರ್, ಗ್ರೆಗ್ ವೋಲ್ಸ್‌ಕಿ ಎಂಬ ವಕೀಲರು ಕಡತ ಹೊತ್ತು ಓಡಾಡಿದರು. ಕಕ್ಷಿದಾರರ ನಡುವೆಯೇ ಮನಸ್ತಾಪ, ಸೋಲಿನ ದಿಗಿಲು, ಬಿಟ್ಟುಬಿಡೋಣ ಎನ್ನುವವರು, ಬಿಡಬಾರದು ಎನ್ನುವವರು. ಜೆನ್ಸನ್ ಜೊತೆ ಮೊದಲಿಂದ ನಿಂತಿದ್ದ ಪ್ಯಾಟ್ ಕಾಸ್ಮಾಕ್ ಪರಿಹಾರ ಕಾಣದೆ 1994ರಲ್ಲಿ ಸ್ನಾಯುಗಳು ಸೋಲುವ ಕಾಯಿಲೆಯಿಂದ ತೀರಿಕೊಂಡರು. ಗುಂಪಿನ ವಕೀಲನಿಗೆ ಇದು ದಿನನಿತ್ಯದ ಕೆಲಸ: ಕಾನೂನಿನ ಕಣ್ಣಿಗೆ ಒಂದಾಗಿ ಕಾಣುವ ಗುಂಪು ಒಳಗೆ ಒಡೆಯದಂತೆ ನೋಡಿಕೊಳ್ಳುವುದು, ಯಾರ ಫೋನೂ ಬಾಕಿ ಉಳಿಯದಂತೆ ಮಾತಾಡುವುದು, ವಾಯಿದೆ ಮೇಲೆ ವಾಯಿದೆ ಬಿದ್ದಾಗ ಏಕೆ ಬಿತ್ತು ಎಂದು ಹತ್ತನೇ ಸಲವೂ ತಾಳ್ಮೆಯಿಂದ ಹೇಳುವುದು. ಇದಕ್ಕೆ ಯಾವ ಕಾನೂನು ಕಾಲೇಜಿನಲ್ಲೂ ಪಾಠವಿಲ್ಲ.

1997ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮೆಕ್‌ನಲ್ಟಿ ವರದಿಯ ಆಧಾರದ ಮೇಲಿನ ತೀರ್ಪನ್ನು ತಳ್ಳಿಹಾಕಿ, ಜ್ಯೂರಿಯ ಮುಂದೆ ಹೊಸದಾಗಿ ಪರಿಹಾರ ನಿಗದಿಯಾಗಲಿ ಎಂದಿತು. ಆ ವಿಚಾರಣೆ ಶುರುವಾಗುವ ಮುನ್ನ, 1998ರ ವರ್ಷದ ಕೊನೆಯ ದಿನಗಳಲ್ಲಿ, ಕಂಪನಿ ರಾಜಿಗೆ ಬಂತು. ಹದಿನೈದು ಹೆಂಗಸರಿಗೆ ಒಟ್ಟು 35 ಲಕ್ಷ ಡಾಲರ್. ದೂರು ಕೊಟ್ಟು ಹದಿನಾಲ್ಕು ವರ್ಷ ಆಗಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಮಾತು ನಮ್ಮಲ್ಲಿದೆ. ಎವೆಲೆತ್‌ನ ಹೆಂಗಸರು ಗೆದ್ದದ್ದು ಹೌದು, ಆದರೆ ಅವರ ಆರೋಗ್ಯ, ನೆಮ್ಮದಿ ಹಣದೊಡನೆ ಮರಳಿ ಬರಲಿಲ್ಲ. ಅವರ ಕಥೆ 2002ರಲ್ಲಿ ಪುಸ್ತಕವಾಯಿತು, 2005ರಲ್ಲಿ ‘ನಾರ್ತ್ ಕಂಟ್ರಿ’ ಎಂಬ ಸಿನಿಮಾಕ್ಕೆ ಪ್ರೇರಣೆಯಾಯಿತು. ಅವರ ಹಿಂದೆ ಬಂದ ಹೆಂಗಸರಿಗೆ ಮಾತ್ರ ಒಂದು ದಾರಿ ತೆರೆಯಿತು. ಒಬ್ಬೊಬ್ಬಳೇ ಹೋಗಿ ಒಬ್ಬೊಬ್ಬಳೇ ಸುಳ್ಳುಗಾತಿ ಅನ್ನಿಸಿಕೊಳ್ಳಬೇಕಾಗಿಲ್ಲ ಎನ್ನುವುದು ಅಲ್ಲಿಂದಾಚೆ ಕಾನೂನಾಗಿ ನಿಂತಿತು.

ಸ್ಪ್ರೆಂಗರ್ ಇಂಥ ಉದ್ದನೆಯ ದಾರಿಯಲ್ಲೇ ಕೊನೆಯವರೆಗೂ ನಡೆದರು. ಹಾಲಿವುಡ್‌ನ ಟಿವಿ ಬರಹಗಾರರಿಗೆ ವಯಸ್ಸಾಯಿತೆಂದು ಕೆಲಸ ಕೊಡುತ್ತಿಲ್ಲ ಎಂಬ ದಾವೆಯನ್ನು ಅವರ ಸಂಸ್ಥೆ ಸುಮಾರು ಹತ್ತು ವರ್ಷ ನಡೆಸಿ, 2010ರಲ್ಲಿ 7 ಕೋಟಿ ಡಾಲರ್ ರಾಜಿಗೆ ತಂದಿತು. 2014ರಲ್ಲಿ ಅವರು ತೀರಿಕೊಂಡರು.

ಇನ್ನು ಫೀಸಿನ ಮಾತು. ಕಂಪನಿಗಳ ನಡುವಿನ ವಾಣಿಜ್ಯ ಮೊಕದ್ದಮೆ ನಡೆಸುವ ಅಮೆರಿಕದ ವಕೀಲ ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಬಿಲ್ಲು ಮಾಡುತ್ತಾನೆ. ಗೆದ್ದರೂ ಸೋತರೂ ತಿಂಗಳ ಕೊನೆಗೆ ಹಣ ಬರುತ್ತದೆ. ಕ್ಲಾಸ್ ಆ್ಯಕ್ಷನ್ ವಕೀಲನದು ಬೇಸಾಯದಂತೆ. ಬೀಜ, ಗೊಬ್ಬರ, ಕೂಲಿ ಎಲ್ಲ ತನ್ನದೇ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ತಜ್ಞರಿಗೆ ಹಣ, ಲಕ್ಷಗಟ್ಟಲೆ ಪುಟ ಓದುವ ಜೂನಿಯರ್‌ಗಳಿಗೆ ಸಂಬಳ, ಗುಂಪಿನ ಪ್ರತಿಯೊಬ್ಬರಿಗೂ ನೋಟಿಸು ಕಳಿಸುವ ಖರ್ಚು, ಎಲ್ಲವನ್ನೂ ಮುಂಗಡವಾಗಿ ಹಾಕಬೇಕು. ಗೆದ್ದಾಗ ನ್ಯಾಯಾಲಯ ಎರಡು ರೀತಿಯಲ್ಲಿ ಫೀಸು ಅಳೆಯುತ್ತದೆ: ದುಡಿದ ಗಂಟೆಗಳ ಲೆಕ್ಕ, ಇಲ್ಲವೇ ಬಂದ ಮೊತ್ತದಲ್ಲಿ ಇಷ್ಟು ಪಾಲು. ಎನ್ರಾನ್ ಕಂಪನಿ ಕುಸಿದ ಮೇಲೆ ಶೇರುದಾರರಿಗೆ 720 ಕೋಟಿ ಡಾಲರ್ ವಸೂಲಾದಾಗ ವಕೀಲರ ಫೀಸು 68.8 ಕೋಟಿ ಡಾಲರ್ ಎಂದು 2008ರಲ್ಲಿ ತೀರ್ಮಾನವಾಯಿತು.

ಅಷ್ಟು ಹಣ ಹರಿಯುವ ಕಡೆ ಕೊಳೆಯೂ ಸೇರುತ್ತದೆ. ಎನ್ರಾನ್ ದಾವೆಯ ಮುಂದಾಳು ಬಿಲ್ ಲೆರಾಕ್. ಅವರೂ ಮೆಲ್ವಿನ್ ವೈಸ್ ಅವರೂ ಸೇರಿ ಬೆಳೆಸಿದ್ದ ಮಿಲ್‌ಬರ್ಗ್ ವೈಸ್ ಸಂಸ್ಥೆ ಶೇರುದಾರರ ದಾವೆಗಳಲ್ಲಿ ಅಮೆರಿಕಕ್ಕೇ ಮೊದಲು ಎನ್ನಿಸಿಕೊಂಡಿತ್ತು. ಶೇರಿನ ಬೆಲೆ ಬಿದ್ದ ದಿನವೇ ದಾವೆ ಹಾಕಬೇಕಾದರೆ ವಾದಿಗಳು ಕೈಯಳತೆಯಲ್ಲಿರಬೇಕು. ಅದಕ್ಕಾಗಿ ಸಂಸ್ಥೆ ಕೆಲವರಿಗೆ ತನ್ನ ಫೀಸಿನಲ್ಲಿ ಗುಟ್ಟಾಗಿ ಪಾಲು ಕೊಡುತ್ತ ಬಂದಿತ್ತು. 2006ರಲ್ಲಿ ಸಂಸ್ಥೆಯ ಮೇಲೆಯೇ ಆರೋಪಪಟ್ಟಿ ಬಂತು. ಇಬ್ಬರೂ ತಪ್ಪೊಪ್ಪಿಕೊಂಡರು, 2008ರಲ್ಲಿ ಲೆರಾಕ್ ಅವರಿಗೆ ಎರಡು ವರ್ಷ, ವೈಸ್ ಅವರಿಗೆ ಎರಡೂವರೆ ವರ್ಷ ಜೈಲು. ತಪ್ಪಿನ ತಿರುಳು ಹಣಕ್ಕಿಂತ ಆಳದ್ದು. ಎಲ್ಲರ ಪರವಾಗಿ ಮುಂದೆ ನಿಂತ ವಾದಿ ರಾಜಿಯ ಮೊತ್ತ ಹೆಚ್ಚಲಿ, ವಕೀಲರ ಫೀಸು ಮಿತಿಯಲ್ಲಿರಲಿ ಎಂದು ಕಾವಲು ಕಾಯಬೇಕಾದವನು. ಅವನಿಗೇ ಫೀಸಿನಲ್ಲಿ ಪಾಲು ಸಿಕ್ಕಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದೇ ವೃತ್ತಿಯಲ್ಲಿ ಸ್ಪ್ರೆಂಗರ್ ಕೂಡ ಇದ್ದರು, ಗೆದ್ದರೆ ಫೀಸು ಎಂಬ ಇದೇ ಲೆಕ್ಕದ ಮೇಲೆ ಬದುಕಿದರು ಎನ್ನುವುದನ್ನು ನೆನಪಿಟ್ಟರೆ, ದೋಷವನ್ನು ಲೆಕ್ಕದ ಮೇಲೆ ಹೊರಿಸಿ ಕೈತೊಳೆಯಲು ಆಗುವುದಿಲ್ಲ.

ಭಾರತ ಈ ವೃತ್ತಿಯನ್ನು ಹತ್ತಿರದಿಂದ ಕಂಡದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ನಡುರಾತ್ರಿ ಕಳೆದು ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹರಡಿದ ಕೆಲವೇ ದಿನಗಳಲ್ಲಿ ಅಮೆರಿಕದ ವಕೀಲರು ವಿಮಾನ ಹತ್ತಿ ಬಂದಿಳಿದರು. ಹೆಸರಾಂತ ಮೆಲ್ವಿನ್ ಬೆಲ್ಲಿ ಕೂಡ ಬಂದಿದ್ದರು. ಗಲ್ಲಿಗಲ್ಲಿಗಳಲ್ಲಿ ಸಹಿ, ಹೆಬ್ಬೆಟ್ಟಿನ ಗುರುತು ಪಡೆಯುವ ಕೆಲಸ ನಡೆಯಿತು. ಅದನ್ನು ಕಂಡು ಅಸಹ್ಯಪಟ್ಟವರು ಹಲವರು, ಅದು ಸಹಜವೇ. ಮರುವರ್ಷ ಸಂಸತ್ತು ಕಾಯ್ದೆ ಮಾಡಿ ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು ಸರ್ಕಾರಕ್ಕೇ ಕೊಟ್ಟಿತು. ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಮುಂದೆ ವಿಚಿತ್ರವಾದ ವಾದ ನಡೆಯಿತು: ಇಂಥ ದಾವೆ ನಡೆಸಲು ನಮ್ಮ ನ್ಯಾಯಾಲಯಗಳಿಗೆ ಶಕ್ತಿ ಸಾಲದು ಎಂದು ಭಾರತ ಸರ್ಕಾರದ ಪರವಾಗಿ ಅಮೆರಿಕದ ಪ್ರಾಧ್ಯಾಪಕ ಮಾರ್ಕ್ ಗ್ಯಾಲಂಟರ್ ಅಫಿಡವಿಟ್ ಕೊಟ್ಟರು, ಸಾಕು ಎಂದು ಯೂನಿಯನ್ ಕಾರ್ಬೈಡ್ ಪರವಾಗಿ ನಾನಿ ಪಾಲ್ಖಿವಾಲಾ ಕೊಟ್ಟರು. 1986ರ ಮೇ ತಿಂಗಳಲ್ಲಿ ಕೀನನ್ ಮೊಕದ್ದಮೆಯನ್ನು ಭಾರತಕ್ಕೆ ಕಳಿಸಿದರು. 330 ಕೋಟಿ ಡಾಲರ್ ಕೇಳಿದ್ದ ಸರ್ಕಾರ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

ಆ ರಾಜಿಯನ್ನು ದಾಖಲಿಸಿದ ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ಇಬ್ಬರು ಕನ್ನಡಿಗರಿದ್ದರು: ಇ. ಎಸ್. ವೆಂಕಟರಾಮಯ್ಯ ಮತ್ತು ಎಂ. ಎನ್. ವೆಂಕಟಾಚಲಯ್ಯ. ಇಬ್ಬರೂ ಮುಂದೆ ಮುಖ್ಯ ನ್ಯಾಯಮೂರ್ತಿಗಳಾದರು. 1991ರ ಅಕ್ಟೋಬರಿನ ಪುನರ್ವಿಮರ್ಶೆಯ ತೀರ್ಪನ್ನು ಬರೆದವರೂ ವೆಂಕಟಾಚಲಯ್ಯನವರೇ. ಮೊತ್ತ ಹಾಗೇ ಉಳಿಯಿತು, ಕ್ರಿಮಿನಲ್ ಪ್ರಕರಣಗಳಿಗೆ ಮಾತ್ರ ಮತ್ತೆ ಜೀವ ಬಂತು, ಹಣ ಸಾಲದಿದ್ದರೆ ಸರ್ಕಾರ ತುಂಬಿಕೊಡಬೇಕು ಎಂದಾಯಿತು. ರಾಜಿಗೆ ಮುನ್ನ ಸಂತ್ರಸ್ತರನ್ನು ಯಾರೂ ಕೇಳಿರಲಿಲ್ಲ. ಅಮೆರಿಕದ 23ನೇ ನಿಯಮದಡಿ ಗುಂಪಿನ ವಕೀಲ ರಾಜಿ ಮಾಡಿದರೆ ಗುಂಪಿಗೆ ನೋಟಿಸು ಕೊಡಬೇಕು, ಆಕ್ಷೇಪಣೆ ಕೇಳಬೇಕು. ಸರ್ಕಾರವೇ ವಕೀಲನೂ ಪೋಷಕನೂ ಆದಾಗ ಆ ಅವಕಾಶ ಇಲ್ಲವಾಯಿತು. ವಕೀಲರ ದುರಾಸೆಯಿಂದ ಜನರನ್ನು ಕಾಪಾಡಲು ಹೋಗಿ ಜನರ ಬಾಯನ್ನೇ ಮುಚ್ಚಿದಂತಾಯಿತು ಎನ್ನುವುದು ಕಠಿಣವಾದ ಮಾತು, ಆದರೆ ಹೇಳಬೇಕಾದದ್ದು.

ಇನ್ನೊಂದು ಪಾಠ ಕಲಿಸಿದ್ದು ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ವರ್ಷಗಳಿಂದ ಲೆಕ್ಕ ತಿರುಚಿದ್ದೇವೆ ಎಂದು ಪತ್ರ ಬರೆದು ಒಪ್ಪಿಕೊಂಡರು. ಮೊತ್ತ 7 ಸಾವಿರ ಕೋಟಿ ರೂಪಾಯಿಗೂ ಮೀರಿತ್ತು. ಸತ್ಯಂನ ಠೇವಣಿ ಶೇರುಗಳು ನ್ಯೂಯಾರ್ಕಿನಲ್ಲೂ ಮಾರಾಟವಾಗುತ್ತಿದ್ದುದರಿಂದ ಅಲ್ಲಿ ಕೂಡಲೇ ಕ್ಲಾಸ್ ಆ್ಯಕ್ಷನ್ ಹೂಡಲಾಯಿತು. 2011ರಲ್ಲಿ ಕಂಪನಿ 12.5 ಕೋಟಿ ಡಾಲರ್, ಲೆಕ್ಕಪರಿಶೋಧನಾ ಸಂಸ್ಥೆ 2.55 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದೇ ಸುಳ್ಳು ಲೆಕ್ಕ ನಂಬಿ ಮುಂಬೈ ಮಾರುಕಟ್ಟೆಯಲ್ಲಿ ಶೇರು ಕೊಂಡ ಭಾರತದ ಲಕ್ಷಾಂತರ ಜನ ಆ ಗುಂಪಿನಲ್ಲಿರಲಿಲ್ಲ. ಅವರ ಪರವಾಗಿ ಹೂಡಿಕೆದಾರರ ಸಂಘವೊಂದು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ ಬರಿಗೈಯಲ್ಲಿ ಮರಳಿತು. ನಿವೃತ್ತಿಯ ಹಣ ಹಾಕಿದ್ದ ಒಬ್ಬ ಮೇಷ್ಟ್ರು, ನ್ಯೂಯಾರ್ಕಿನವನಿಗೆ ಪರಿಹಾರ ಸಿಕ್ಕಿ ತನಗೇಕಿಲ್ಲ ಎಂದು ಕೇಳಿದರೆ ಯಾವ ವಕೀಲರ ಬಳಿಯೂ ನೆಟ್ಟಗಿನ ಉತ್ತರವಿರಲಿಲ್ಲ.

ಉತ್ತರವಾಗಿ ಬಂದದ್ದು 2013ರ ಕಂಪನಿ ಕಾಯ್ದೆಯ 245ನೇ ಕಲಂ. ಕನಿಷ್ಠ ನೂರು ಶೇರುದಾರರು, ಇಲ್ಲವೇ ನಿಗದಿಪಡಿಸಿದ ಶೇಕಡಾವಾರು ಶೇರುದಾರರು ಒಟ್ಟಾಗಿ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ನಿರ್ದೇಶಕರಿಂದ, ಲೆಕ್ಕಪರಿಶೋಧಕರಿಂದ ಪರಿಹಾರ ಕೇಳಬಹುದು. 2016ರ ಜೂನ್ 1ರಿಂದ ಅದು ಜಾರಿಗೆ ಬಂತು. ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಯಿಂದ ಇಂಥ ದಾವೆಯ ಖರ್ಚು ಮರಳಿ ಪಡೆಯುವ ಅವಕಾಶವನ್ನೂ ಕಾಯ್ದೆ ಇಟ್ಟಿದೆ. ಆದರೂ ವರ್ಷಗಟ್ಟಲೆ ಆ ಕಲಂ ಪುಸ್ತಕದಲ್ಲೇ ಉಳಿಯಿತು. ಜಿಂದಾಲ್ ಪಾಲಿ ಫಿಲ್ಮ್ಸ್ ಕಂಪನಿಯ ಸಣ್ಣ ಶೇರುದಾರರ ಅರ್ಜಿ ಸುದ್ದಿಯಾದದ್ದು 2024ರಲ್ಲಿ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮೊಕದ್ದಮೆಯ ಫಲಿತಾಂಶಕ್ಕೆ ತಕ್ಕಂತೆ ಫೀಸು ಗೊತ್ತುಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಜಾಹೀರಾತು ಕೊಡಬಾರದು ಎಂಬ ನಿಯಮವೂ ಇದೆ. ಎರಡರ ಹಿಂದಿನ ಉದ್ದೇಶವೂ ಒಳ್ಳೆಯದೇ. ಭೋಪಾಲದ ಗಲ್ಲಿಗಳಲ್ಲಿ ಕಂಡ ದೃಶ್ಯ ಮತ್ತೆ ಕಾಣಬಾರದಲ್ಲ. ಆದರೆ ಇವೆರಡೂ ಸೇರಿದಾಗ ಬೆಂಗಳೂರಿನ ಒಬ್ಬ ಸಮರ್ಥ ವಕೀಲೆ, ಇಂಥ ಕಂಪನಿಯಿಂದ ಹಣ ಕಳೆದುಕೊಂಡವರು ನನ್ನಲ್ಲಿಗೆ ಬನ್ನಿ ಎಂದು ಕರೆಯುವಂತಿಲ್ಲ. ಗೆದ್ದಾಗ ಕೊಡಿ ಎಂದು ದಾವೆ ಹಿಡಿಯುವಂತಿಲ್ಲ. ಹತ್ತು ವರ್ಷ ಕಾಯುವ ಕಡತವನ್ನು ಅವರು ಏಕೆ ಹಿಡಿಯುತ್ತಾರೆ? ವಾಣಿಜ್ಯ ನ್ಯಾಯಾಲಯದಲ್ಲಿ ಕೈತುಂಬ ಕೆಲಸವಿದೆ. 2015ರ ಕಾಯ್ದೆಯಡಿ ಬಂದ ಆ ನ್ಯಾಯಾಲಯಗಳಿಗೆ 2018ರ ನಂತರ 3 ಲಕ್ಷ ರೂಪಾಯಿಯ ವ್ಯಾಜ್ಯವೂ ಹೋಗಬಹುದು. 120 ದಿನಗಳೊಳಗೆ ತಕರಾರು ಸಲ್ಲಿಸದಿದ್ದರೆ ಪ್ರತಿವಾದಿ ಆ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಚುರುಕಾದ ಕೆಲಸ, ಖಚಿತವಾದ ಫೀಸು. ಕಂಪನಿಗೆ ಕಂಪನಿಯ ಮೇಲೆ ದಾವೆ ಹಾಕಲು ಇಷ್ಟು ಸಲೀಸಾದ ದಾರಿ ಮಾಡಿಕೊಟ್ಟಿರುವಾಗ, ಸಾವಿರ ಗ್ರಾಹಕರಿಗೆ ಕಂಪನಿಯ ಮೇಲೆ ದಾವೆ ಹಾಕಲು ಅದರ ಅರ್ಧದಷ್ಟಾದರೂ ದಾರಿ ಬೇಡವೇ?

ದಾರಿ ಇಲ್ಲವೆಂದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮ ಬಹಳ ಹಿಂದಿನಿಂದಲೂ ಪ್ರಾತಿನಿಧಿಕ ದಾವೆಗೆ ಅವಕಾಶ ಕೊಟ್ಟಿದೆ. ಊರಿನ ದೇವಸ್ಥಾನ, ಗೋಮಾಳ, ಸ್ಮಶಾನದ ದಾವೆಗಳಲ್ಲಿ ನಮ್ಮ ತಾಲ್ಲೂಕು ಕೋರ್ಟುಗಳ ವಕೀಲರಿಗೆ ಅದು ಪರಿಚಿತವೇ. ಗ್ರಾಹಕ ಕಾಯ್ದೆಯ 35ನೇ ಕಲಮಿನಲ್ಲೂ ಅದು ಸೇರಿದೆ. ಅದನ್ನು ಬಳಸಲು ಹೊರಟ ಬೆಂಗಳೂರಿನವರ ಒಂದು ಪ್ರಕರಣ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬ್ರಿಗೇಡ್ ಲೇಕ್‌ಫ್ರಂಟ್ ಎಂಬ ವಸತಿ ಸಮುಚ್ಚಯ. ಅಂಬರ್, ಬ್ಲೂ, ಕ್ರಿಮ್ಸನ್ ಎಂಬ ಮೂರು ಬ್ಲಾಕುಗಳಲ್ಲಿ 1,134 ಮನೆಗಳು. ಮನೆ ಕೈಗೆ ಬರುವುದು ತಡವಾಯಿತೆಂದು 51 ಮನೆಗಳ 91 ಮಂದಿ ಖರೀದಿದಾರರು, 1,134 ಮನೆಯವರೆಲ್ಲರ ಪರವಾಗಿ ದೂರು ಕೊಟ್ಟರು. ಕೋರ್ಟು ಕೇಳಿದ ಪ್ರಶ್ನೆ ಎವೆಲೆತ್‌ನಲ್ಲಿ ಕೇಳಿದ್ದೇ: ಎಲ್ಲರ ಹಿತವೂ ಒಂದೇ ಎನ್ನುವ ದಾರ ಎಲ್ಲಿದೆ? ಮೂರು ಬ್ಲಾಕುಗಳಲ್ಲಿ ಆದ ವಿಳಂಬ ಒಂದೇ ಅಳತೆಯದಲ್ಲ. ಉಳಿದವರ ಹಿತ ಹೇಗೆ ಸಮಾನ ಎಂಬುದನ್ನು ದೂರಿನಲ್ಲಿ ಸಾಕಷ್ಟು ಬರೆದಿಲ್ಲ. ಹೀಗಾಗಿ ಅದನ್ನು ಆ 91 ಮಂದಿಯ ಜಂಟಿ ದೂರೆಂದು ಮಾತ್ರ ನಡೆಸಿ ಎಂದು ಆದೇಶವಾಯಿತು.

ಕಾನೂನಿನ ದೃಷ್ಟಿಯಿಂದ ಆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಗುಂಪು ಕಟ್ಟುವ ಕಸುಬು ಬಿಡುವಿನಲ್ಲಿ ಮಾಡುವಂಥದ್ದಲ್ಲ, ಬದುಕನ್ನೇ ಅದಕ್ಕೆ ಕೊಡುವವರು ಬೇಕು ಎನ್ನುವುದು ಅದನ್ನು ಓದುವಾಗ ಮನಸ್ಸಿಗೆ ಬರುತ್ತದೆ. ಮಿನ್ನಿಯಾಪೊಲಿಸ್‌ನ ಸಂಸ್ಥೆಯೊಂದು ದೂರಿನ ಒಂದು ವಾಕ್ಯವನ್ನು ಗಟ್ಟಿ ಮಾಡಲು ವರ್ಷವಿಡೀ ದುಡಿಯಬಲ್ಲದು, ಗೆದ್ದಾಗ ಆ ದುಡಿಮೆಗೆ ಹಣ ಬರುತ್ತದೆ. ಇಲ್ಲಿ ಅದೇ ವಾಕ್ಯವನ್ನು ಜೂನಿಯರ್ ಒಬ್ಬ ರಾತ್ರಿ ಕುಳಿತು ಬರೆದು ಬೆಳಿಗ್ಗೆ ಸಲ್ಲಿಸಬೇಕು.

ಕನ್ನಡ ದಿನಪತ್ರಿಕೆಗಳ ಒಳಪುಟಗಳಲ್ಲಿ, ಹೆಸರು ಬದಲಾವಣೆಯ ಪ್ರಕಟಣೆಗಳ ಪಕ್ಕದಲ್ಲಿ, ಆಗಾಗ ನಾಲ್ಕು ಬೆರಳಗಲದ ಒಂದು ನೋಟಿಸು ಕಾಣುತ್ತದೆ. ಮೇಲೆ ನ್ಯಾಯಾಲಯದ ಹೆಸರು, ದಾವೆ ಸಂಖ್ಯೆ. ಕೆಳಗೆ ಸಿವಿಲ್ ಸಂಹಿತೆಯ 1ನೇ ಆದೇಶದ 8ನೇ ನಿಯಮದಡಿ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ ಎಂದು ಶುರುವಾಗುವ ಒಂದೇ ಉದ್ದನೆಯ ವಾಕ್ಯ. ಈ ದಾವೆಯಲ್ಲಿ ಹಿತಾಸಕ್ತಿಯುಳ್ಳವರು ಇಂಥ ದಿನ ಬೆಳಿಗ್ಗೆ 11 ಗಂಟೆಗೆ ಹಾಜರಾಗಬಹುದು ಎಂದು ಅದು ಹೇಳುತ್ತದೆ. ಅದರ ಖರ್ಚು ಕಾನೂನಿನ ಪ್ರಕಾರ ವಾದಿಯದು. ಊರವರ ಪರವಾಗಿ ಮುಂದೆ ನಿಂತ ಆ ಒಬ್ಬ ವಾದಿ ಪತ್ರಿಕೆಯ ಏಜೆಂಟರಿಗೆ ಹಣ ಕಟ್ಟಿ, ಅಚ್ಚಾದ ಪುಟದ ಒಂದು ಪ್ರತಿಯನ್ನು ಮಡಿಸಿಟ್ಟುಕೊಂಡು, ಮುಂದಿನ ವಾಯಿದೆಯ ದಿನ ವಕೀಲರ ಗುಮಾಸ್ತನ ಕೈಗೆ ಕೊಡುತ್ತಾನೆ.